ಅಪ್‌ಡೇಟ್: ಕಡಲ ದಾರಿ ಮೊದಲಾ, ಬೆಟ್ಟ ಮೊದಲಾ?

ಮನೆಮಂದಿಯೆಲ್ಲ ಕಾರಲ್ಲಿ ಹೊರಡುವಾಗ ಕಡಲ ದಾರಿ ಮೊದಲಾ, ಬೆಟ್ಟವಾ ಅಂತ ಕೇಳಿದ್ದೆ. ಕಡಲನ್ನೇ ಮೊದಲು ಮಾಡಿದೆವು. ಸಪಾಟು ರಸ್ತೆಯಲ್ಲಿ ಎಲ್ಲರಿಗೂ ಕಾರು ಒಗ್ಗಿತು.

ಮಗಳಿಗೆ ತಿರುವುಗಳಲ್ಲಿ ವಾಂತಿಯಾಗುತ್ತದೆ ಅನ್ನೋದೇ ದೊಡ್ಡ ಚಿಂತೆಯಾಗಿತ್ತು. ನೀವು ಹೇಳಿದಂತೆ ಮೊಬೈಲ್ ಒಳಗಿಟ್ಟು, ಕಿಟಕಿ ಸ್ವಲ್ಪ ಇಳಿಸಿ, ದೂರದ ಬೆಟ್ಟವನ್ನೇ ನೋಡು ಅಂದೆ. ಕಣ್ಣು ಕಂಡದ್ದಕ್ಕೂ ಒಳಕಿವಿಗೆ ಗೊತ್ತಾಗುವ ಅಲುಗಾಟಕ್ಕೂ ತಾಳೆಯಾದರೆ ಹೊಟ್ಟೆ ತೊಳಸೋದು ಕಡಿಮೆ, ಅಲ್ವಾ? ಹೇರ್‌ಪಿನ್ ತಿರುವು ಕಂಡಾಗಲೆಲ್ಲ "ಅಪ್ಪಾ, ಈಗ ಎಡಕ್ಕೆ!" ಅಂತ ಅವಳೇ ಕೂಗುತ್ತಿದ್ದಳು. ವಾಂತಿ ಆಗಲೇ ಇಲ್ಲ!

ಇಳಿಜಾರಲ್ಲಿ ಬ್ರೇಕ್ ಒತ್ತಿಕೊಂಡೇ ಇರದೆ ಎರಡನೇ ಗೇರಲ್ಲಿ ಇಳಿದೆ. ಮಂಜಿನಲ್ಲಿ ಹೈ ಬೀಮ್ ಹಾಕಲಿಲ್ಲ, ಆ ಬೆಳಕು ವಾಪಸ್ ಕಣ್ಣಿಗೇ ಹೊಡೆಯುತ್ತದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.