ಹೆಂಚಿನ ಮನೆ: ಮಳೆಗಾಲದ ನೀರನ್ನು ಬೇಸಿಗೆಗೆ ಉಳಿಸೋದು ಹೇಗೆ? ಇಂಗುಗುಂಡಿ ಎಲ್ಲಿ ತೋಡೋದು?

ಪ್ರಶ್ನೆ: ಹೆಂಚಿನಮನೆ

ನಮ್ಮದು ತೀರ್ಥಹಳ್ಳಿ ತಾಲ್ಲೂಕು, ಗುಡ್ಡದ ಇಳಿಜಾರು ಕಡಿದು ಕಟ್ಟಿದ ಮನೆ. ಮಂಗಳೂರು ಹೆಂಚು, ಎರಡು ಇಳಿಮಾಡು, ಮಾಡಿನ ನೆಲದಳತೆ ಸುಮಾರು 1000 ಚದರಡಿ. ಮನೆ ಹಿಂದೆ 10 ಅಡಿ ಎತ್ತರದ ಧರೆ (ಗುಡ್ಡ ಕಡಿದಾಗ ಉಳಿದ ನೆಟ್ಟಗಿನ ಮಣ್ಣಿನ ಗೋಡೆ), ಮುಂದೆ ಅಂಗಳ, ಅಂಗಳದ ಕೆಳಗೆ ಅಡಿಕೆ ತೋಟ. ಬಾವಿ 30 ಅಡಿ ಆಳ, ಜಂಬಿಟ್ಟಿಗೆ (ಕೆಂಪು ಮುರಕಲ್ಲು) ನೆಲ. ಆಷಾಢದಲ್ಲಿ ಬಾವಿ ತುಂಬಿ ನಿಂತಿರುತ್ತದೆ, ಶಿವರಾತ್ರಿ ಕಳೆದರೆ ತಳ ಕಾಣುತ್ತದೆ. ಮನೆಯಲ್ಲಿ ನಾಲ್ಕು ಜನ.

ಮಾಡಿನ ನೀರನ್ನು ಬಾವಿಗೆ ಬಿಡಬೇಕು, ಧರೆಯ ಮೇಲಿನ ಹಕ್ಕಲಿನಲ್ಲಿ (ಸಾಗುವಳಿ ಇಲ್ಲದ ಖಾಲಿ ಜಾಗ) ನಾಲ್ಕೈದು ಇಂಗುಗುಂಡಿ ತೋಡಬೇಕು ಅಂತ ಯೋಚನೆ. ಫಿಲ್ಟರ್ ಅಳತೆ ಎಷ್ಟಿರಬೇಕು? ಬಚ್ಚಲ ನೀರನ್ನು ಹಿತ್ತಲಿಗೆ ತಿರುಗಿಸಬಹುದಾ? ಇನ್ನೊಂದು, ಅಡುಗೆಮನೆ ಕಸದ ಗೊಬ್ಬರ ಮಳೆಗಾಲದಲ್ಲಿ ಕೊಳೆತು ನಾರುತ್ತದೆ, ಅದಕ್ಕೆ ಏನು ದಾರಿ? ತಿಳಿದವರು ಹೇಳಿ.

ಉತ್ತರ: ಜಂಬಿಟ್ಟಿಗೆ

ಮೊದಲು ಲೆಕ್ಕ ನೋಡಿ ಮಾರಾಯ್ರೆ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ನಿಮ್ಮ 1000 ಚದರಡಿ ಅಂದರೆ 93 ಚದರ ಮೀಟರ್. ಹೆಂಚು ಹೀರಿಕೊಳ್ಳುವುದು, ಹೊರಗೆ ಸಿಡಿಯುವುದು ಎಲ್ಲ ಕಳೆದು ನೂರಕ್ಕೆ 80 ಪಾಲು ಕೈಗೆ ಸಿಗುತ್ತದೆ ಅಂತಿಟ್ಟುಕೊಳ್ಳಿ. ವರ್ಷದ ಮಳೆ ಬರೀ 2500 ಮಿ.ಮೀ. ಅಂತ ಹಿಡಿದರೂ 1,86,000 ಲೀಟರ್ ಆಯಿತು. ಆಗುಂಬೆ ಕಡೆ 7000 ದಾಟುತ್ತದೆ. ನೀರಿನ ಮೊತ್ತ ನಮ್ಮ ಕಷ್ಟವೇ ಅಲ್ಲ. ಆರಿದ್ರಾ, ಪುನರ್ವಸು ಮಳೆಯಲ್ಲಿ ಬಂದ ನೀರನ್ನು ಏಪ್ರಿಲ್‌ವರೆಗೆ ಎಲ್ಲಿ ಇಟ್ಟುಕೊಳ್ಳುವುದು ಅನ್ನುವುದೇ ಕಷ್ಟ.

ಬಾವಿಗೆ ಬಿಟ್ಟರೆ ನಿಲ್ಲುವುದಿಲ್ಲ. ಜುಲೈಯಲ್ಲಿ ನೆಲ ಆಗಲೇ ತುಂಬಿರುತ್ತದೆ, ಬಿಟ್ಟ ನೀರು ಪಕ್ಕದ ಒರತೆಯಲ್ಲಿ ಹೊರಟು ಹಳ್ಳ ಸೇರುತ್ತದೆ. ಹಾಗಂತ ಮಳೆ ಕಡಿಮೆಯಾದ ಮೇಲೆ, ಹಸ್ತ-ಚಿತ್ತದಲ್ಲಿ (ಅಕ್ಟೋಬರ್ ಹೊತ್ತಿಗೆ) ಬಿಡೋಣ ಅಂದರೆ 150 ಮಿ.ಮೀ. ಮಳೆಗೆ ಸಿಗುವುದು 11,000 ಲೀಟರ್. ತೂತು ತೂತಾದ ಜಂಬಿಟ್ಟಿಗೆಯಲ್ಲಿ ಅದು ಕೆಲವೇ ದಿನದಲ್ಲಿ ಬಸಿದು ಹೋಗುತ್ತದೆ. ಬಯಲುಸೀಮೆಯ ಬೋರ್‌ವೆಲ್ ಮರುಪೂರಣದ ನಕ್ಷೆಯನ್ನು ತಂದು ಮಲೆನಾಡಿನ ಬಾವಿಗೆ ಹಾಕಿದರೆ ಹಣ ದಂಡ. ನನ್ನ ಮಾತು ಕೇಳುವುದಾದರೆ ಕುಡಿಯಲು, ಅಡುಗೆಗೆ ಬೇಕಾದಷ್ಟು ನೀರನ್ನು ಮುಚ್ಚಿದ ಟ್ಯಾಂಕಿನಲ್ಲಿ ಇಡಿ. ತಲೆಗೆ 10 ಲೀಟರಿನಂತೆ ನಾಲ್ಕು ಜನಕ್ಕೆ ದಿನಕ್ಕೆ 40, ಮೂರು ತಿಂಗಳಿಗೆ 3600 ಲೀಟರ್. 5000 ಲೀಟರಿನ ಟ್ಯಾಂಕ್ ಧಾರಾಳ ಸಾಕು. ಬೇಸಿಗೆಯಲ್ಲಿ ಬಾವಿಯಲ್ಲಿ ಉಳಿದಷ್ಟು ನೀರು ಸ್ನಾನ, ಬಟ್ಟೆ, ದನಕರುಗಳಿಗೆ.

ಫೆರೋಸಿಮೆಂಟ್ ಟ್ಯಾಂಕಾದರೆ 2 ಮೀಟರ್ ಅಡ್ಡಳತೆ, ಒಳಗೆ ನೀರಿನ ಎತ್ತರ 1.6 ಮೀಟರ್ ಇದ್ದರೆ 5000 ಲೀಟರ್ ಹಿಡಿಯುತ್ತದೆ. ವೆಲ್ಡ್ ಮೆಶ್ ಪಂಜರ, ಒಳಗೊಂದು ಹೊರಗೊಂದು ಸುತ್ತು ಕೋಳಿಬಲೆ, 1 ಸಿಮೆಂಟಿಗೆ 2ರಿಂದ 3 ಮರಳು, ಕಲಸುವಾಗ ನೀರು ಆದಷ್ಟು ಕಡಿಮೆ. ಗೋಡೆ ಒಂದೂವರೆ ಇಂಚು. ಒದ್ದೆ ಗೋಣಿ ಸುತ್ತಿ ಎರಡು ವಾರ ಕ್ಯೂರಿಂಗ್ ಮಾಡಲೇಬೇಕು. ಬಿಸಿಲಲ್ಲಿ ಕಟ್ಟಿ ಎರಡನೇ ದಿನಕ್ಕೆ ಒಣಗಲು ಬಿಟ್ಟರೆ ಕೂದಲೆಳೆ ಬಿರುಕು ಬಂದು ವರ್ಷಪೂರ್ತಿ ಜಿನುಗುತ್ತದೆ. ತುಂಬಿದಾಗ ನೀರೇ 5 ಟನ್. ಹಾಗಾಗಿ ಕಡಿದ ಗಟ್ಟಿ ನೆಲದ ಮೇಲೇ ಕಟ್ಟಿ, ಅಂಗಳ ಅಗಲ ಮಾಡಲು ತುಂಬಿಸಿದ ಮಣ್ಣಿನ ಮೇಲೆ ಬೇಡ. ನಲ್ಲಿಯನ್ನು ತಳದಿಂದ 4 ಇಂಚು ಮೇಲೆ ಇಡಿ, ತೊಳೆದು ಹೊರಬಿಡಲು ತಳದಲ್ಲೇ 2 ಇಂಚಿನ ಇನ್ನೊಂದು ಪೈಪ್ ಇರಲಿ. ಉಕ್ಕಿ ಹರಿಯುವ ಪೈಪು ಒಳಬರುವ ಪೈಪಿನಷ್ಟೇ ದಪ್ಪ ಇರಬೇಕು, ಬಾಯಿಗೆ ಸೊಳ್ಳೆ ನುಸುಳದ ಬಲೆ. ಒಳಗೆ ಒಂದಿಷ್ಟೂ ಬೆಳಕು ಬೀಳಬಾರದು, ಬಿದ್ದರೆ ಹಾವಸೆ ಕಟ್ಟುತ್ತದೆ.

ಸೂರಿಗೆ ಕಟ್ಟುವ ದೋಣಿಯ ವಿಷಯಕ್ಕೆ ಬಂದರೆ, 6 ಇಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿದರೆ ಆಯಿತು. 10 ಅಡಿಗೆ ಒಂದು ಇಂಚು ಇಳಿಜಾರು, ಎರಡು ಅಡಿಗೊಂದು ಕ್ಲಾಂಪ್. ದೂರ ದೂರ ಕ್ಲಾಂಪ್ ಹಾಕಿದರೆ ನೀರಿನ ಭಾರಕ್ಕೆ ನಡುವೆ ಜೋತು ಬಿದ್ದು ಅಲ್ಲೇ ಸೋರುತ್ತದೆ. ಹೆಂಚಿನ ತುದಿ ದೋಣಿಯೊಳಗೆ 2 ಇಂಚು ಬಂದಿರಲಿ. ಅದಕ್ಕಿಂತ ಹೊರಗೆ ಚಾಚಿದರೆ ಜಡಿಮಳೆಯಲ್ಲಿ ನೀರು ದೋಣಿ ಹಾರಿ ಅಂಗಳಕ್ಕೆ ಬೀಳುತ್ತದೆ. ಕೆಳಗಿಳಿಸಲು 4 ಇಂಚಿನ ಪೈಪ್ ಸಾಕು.

ಬಿಡುವು ಕೊಟ್ಟು ಬಂದ ಮಳೆಯ ಮೊದಲ 1 ಮಿ.ಮೀ. ನೀರು ಹೊರಗೆ ಹೋಗಬೇಕು. ನಿಮ್ಮ ಮಾಡಿಗೆ ಅದು 90 ಲೀಟರ್ ಹತ್ತಿರ. ಎಲ್ಲರೂ ಮೂರು ಮೀಟರ್ ಉದ್ದದ 4 ಇಂಚಿನ ಪೈಪ್ ನಿಲ್ಲಿಸಿ, ಮೊದಲ ನೀರು ಅದರಲ್ಲಿ ನಿಲ್ಲುತ್ತದೆ ಅಂತ ಸಮಾಧಾನ ಪಡುತ್ತಾರೆ. ಅದು ಹಿಡಿಯುವುದು 25 ಲೀಟರ್ ಅಷ್ಟೆ. 100 ಲೀಟರಿನ ಡ್ರಮ್ಮನ್ನೇ ಜೋಡಿಸಿ, ತಳದ ನಲ್ಲಿಯನ್ನು ಹನಿ ಹನಿ ಬೀಳುವಷ್ಟು ತೆರೆದಿಡಿ. ಮಳೆ ಬಿಟ್ಟ ಮೇಲೆ ಅದು ತಾನಾಗಿಯೇ ಖಾಲಿಯಾಗಿ ಮುಂದಿನ ಮಳೆಗೆ ಸಿದ್ಧ ಇರುತ್ತದೆ.

ಫಿಲ್ಟರಿಗೆ 200 ಲೀಟರ್ ಡ್ರಮ್. ತಳದಿಂದ 8 ಇಂಚು 20 ಮಿ.ಮೀ. ಜಲ್ಲಿ, ನೈಲಾನ್ ಬಲೆ, 4 ಇಂಚು ಬೇಬಿ ಜಲ್ಲಿ (ಸಣ್ಣ ಜಲ್ಲಿ), ಮತ್ತೆ ಬಲೆ, ಮೇಲೆ 10 ಇಂಚು ದಪ್ಪ ಮರಳು. ಮೇಲೆ ಒಂದಡಿ ಜಾಗ ಖಾಲಿ ಇರಲಿ. ಎಂ-ಸ್ಯಾಂಡ್ ಹಾಕುವುದಾದರೆ ನೀರು ತಿಳಿಯಾಗುವವರೆಗೂ ತೊಳೆಯಿರಿ, ಅದರ ಪುಡಿಯೇ ಬಲೆ ಕಟ್ಟಿಸುತ್ತದೆ. ಇಷ್ಟು ಅಗಲದ ಡ್ರಮ್ಮಿನಲ್ಲಿ ಗಂಟೆಗೆ ಇಳಿಯುವುದು ಹೆಚ್ಚೆಂದರೆ ಒಂದೂವರೆ ಎರಡು ಸಾವಿರ ಲೀಟರ್. ಗಂಟೆಗೆ 60 ಮಿ.ಮೀ. ಮಳೆ ಸುರಿದರೆ ನಿಮ್ಮ ಮಾಡಿಂದ 4400 ಲೀಟರ್ ಬರುತ್ತದೆ. ಉಳಿದದ್ದು ಉಕ್ಕಿ ಹೋಗಲಿ ಬಿಡಿ. ಅದನ್ನೂ ಹಿಡಿಯುತ್ತೇನೆ ಅಂತ ಮರಳು ತೆಗೆದು ಫಿಲ್ಟರ್ ಹಾಳು ಮಾಡಿಕೊಳ್ಳಬೇಡಿ. ನಾಲ್ಕೈದು ಗಂಟೆ ಮಳೆ ಬಂದರೆ ಟ್ಯಾಂಕ್ ಹೇಗೂ ತುಂಬುತ್ತದೆ.

ತುಂಬಿಸುವುದು ಯಾವಾಗ? ಜೂನ್-ಜುಲೈಯಲ್ಲಿ ಅಲ್ಲ. ಆ ನೀರಿನಲ್ಲಿ ಪಾಚಿ, ಎಲೆರಸ, ಹಕ್ಕಿ ಹಿಕ್ಕೆ ಜಾಸ್ತಿ. ಹೊಸ ಸಿಮೆಂಟ್ ಟ್ಯಾಂಕನ್ನು ಆ ನೀರಿನಿಂದ ತುಂಬಿ, ಒಂದು ವಾರ ಬಿಟ್ಟು ಚೆಲ್ಲಿ, ಸುಣ್ಣದ ಚೊಗರು ಹೋಗುತ್ತದೆ. ಹುಬ್ಬೆ ಮಳೆ ಹೊತ್ತಿಗೆ ಮಾಡು ತೊಳೆದು ನಿಂತಿರುತ್ತದೆ. ಆಗ ಟ್ಯಾಂಕ್ ಉಜ್ಜಿ, ಉತ್ತರೆ-ಹಸ್ತದಲ್ಲಿ (ಸೆಪ್ಟೆಂಬರ್ ನಡುವಿನಿಂದ) ತುಂಬಿಸಿ ಮುಚ್ಚಿ. ಬ್ಲೀಚಿಂಗ್ ಪುಡಿ 1000 ಲೀಟರಿಗೆ 2.5 ಗ್ರಾಂ, ಅಂದರೆ 5000 ಲೀಟರಿಗೆ 12-13 ಗ್ರಾಂ. ಬಕೆಟ್ ನೀರಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ಹಾಕಿ. ನಮ್ಮ ಕಡೆಯ ಶೀತಕ್ಕೆ ತೆರೆದಿಟ್ಟ ಪುಡಿ ಬೇಗ ಸತ್ವ ಕಳೆದುಕೊಳ್ಳುತ್ತದೆ, ಆ ವರ್ಷದ ಪುಡಿಯನ್ನೇ ತನ್ನಿ. ಕುಡಿಯುವುದನ್ನು ಕುದಿಸಿಯೇ ಕುಡಿಯಿರಿ.

ಉತ್ತರ: ಕಾನಂಚು

ಮೇಲಿನವರ ಟ್ಯಾಂಕಿನ ಲೆಕ್ಕ ಸರಿ ಇದೆ. ನನಗೆ ಗಾಬರಿಯಾದದ್ದು ಧರೆಯ ಮೇಲೆ ಇಂಗುಗುಂಡಿ ಅನ್ನುವ ಮಾತಿಗೆ. ದಯವಿಟ್ಟು ಅದೊಂದು ಮಾಡಬೇಡಿ.

ಮಲೆನಾಡಿನ ಗುಡ್ಡದಲ್ಲಿ ಮೇಲೆ ಜಂಬಿಟ್ಟಿಗೆ, ಅದರ ಅಡಿಗೆ ಶೇಡಿ ಮಣ್ಣು, ಅಂದರೆ ಮೆತ್ತನೆಯ ಜೇಡಿಯಂಥ ಮಣ್ಣು. ಜಂಬಿಟ್ಟಿಗೆ ನೀರನ್ನು ಸಲೀಸಾಗಿ ಕೆಳಗೆ ಬಿಡುತ್ತದೆ, ಶೇಡಿ ಬಿಡುವುದಿಲ್ಲ. ಎರಡರ ನಡುವೆ ನೀರು ಸೇರಿ ಶೇಡಿ ಬೆಣ್ಣೆಯಂತಾಗುತ್ತದೆ, ಮೇಲಿನ ಭಾರ ಜಾರುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಮನೆ, ರಸ್ತೆಗೆ ಅಂತ ಗುಡ್ಡ ಕಡಿದ ಎಷ್ಟೋ ಕಡೆ ಕುಸಿದದ್ದನ್ನು ಎಲ್ಲರೂ ನೋಡಿದ್ದೇವೆ. ನೀವು ತೋಡುವ ಗುಂಡಿ ಮನೆಯ ಬೆನ್ನಿಗೇ ನೀರು ಕುಡಿಸಿದ ಹಾಗೆ.

ಅಲ್ಲಿ ಮಾಡಬೇಕಾದ್ದು ಇದಕ್ಕೆ ತದ್ವಿರುದ್ಧ. ಧರೆಯ ಅಂಚಿನಿಂದ ಐದಾರು ಅಡಿ ಹಿಂದೆ, ಮೇಲಿನ ನೀರನ್ನು ಪಕ್ಕಕ್ಕೆ ತಿರುಗಿಸುವ ಕಾಲುವೆ, ಒಂದೂವರೆ ಅಡಿ ಅಗಲ, ಒಂದಡಿ ಆಳ. ತಳಕ್ಕೆ ಸಿಮೆಂಟ್ ಅಥವಾ ದಪ್ಪ ಪ್ಲಾಸ್ಟಿಕ್ ಹಾಸಲೇಬೇಕು. ಬರೀ ಮಣ್ಣಿನ ಕಾಲುವೆ ಬಿಟ್ಟರೆ ಅದೂ ಉದ್ದನೆಯ ಇಂಗುಗುಂಡಿಯೇ ಆಗುತ್ತದೆ. ಧರೆಯ ಬುಡದಲ್ಲಿ ಇನ್ನೊಂದು ಚರಂಡಿ. ಮೃಗಶಿರ ಮಳೆ ಹಿಡಿದ ಕೂಡಲೇ ಧರೆಯ ಮೈಗೆ ಲಾವಂಚ ನೆಡಿ, ಬುಡದಿಂದ ಬುಡಕ್ಕೆ ಅರ್ಧ ಅಡಿ, ಸಾಲಿಂದ ಸಾಲಿಗೆ ಮೂರಡಿ. ಬೇರು ಎರಡು ಮೂರು ಮೀಟರ್ ನೆಟ್ಟಗೆ ಕೆಳಗಿಳಿಯುತ್ತದೆ. ಕಲ್ಲು ಕಟ್ಟುವುದಾದರೆ ಐದಡಿಗೊಂದು 3 ಇಂಚಿನ ಪೈಪ್ ಬಿಟ್ಟು, ಹಿಂದೆ ಜಲ್ಲಿ ತುಂಬಿಸಿ. ಉಸಿರಾಡಲು ಜಾಗ ಇಲ್ಲದ ಗೋಡೆಯನ್ನು ನೀರೇ ನೂಕಿ ಬೀಳಿಸುತ್ತದೆ.

ಧರೆಯ ಮೇಲೆ ಅಂಚಿಗೆ ಸಮನಾಗಿ ಬಿರುಕು ಕಂಡರೆ, ತಿಳಿನೀರು ಜಿನುಗುತ್ತಿದ್ದ ಕಡೆ ಕೆಂಪು ನೀರು ಬಂದರೆ, ಮರ ವಾಲಿದರೆ, ಆ ಬದಿಯ ಕೋಣೆಯಲ್ಲಿ ಯಾರೂ ಮಲಗಬೇಡಿ.

ಇಂಗಿಸಲೇಬೇಕು ಅಂದರೆ ಮನೆಯಿಂದ ದೂರ, ಹತ್ತು ಅಡಿಗೆ ಎರಡು ಅಡಿಗಿಂತ ಕಡಿಮೆ ಇಳಿಯುವ ಹಕ್ಕಲಿನಲ್ಲಿ ಮಾಡಿ, ಕಕ್ಕಸು ಗುಂಡಿಯಿಂದ 15 ಮೀಟರಾದರೂ ಆಚೆ. ತೋಟದೊಳಗೆ ಬೇಡ, ನೀರು ನಿಂತರೆ ಅಡಿಕೆ ಬೇರು ಕೊಳೆಯುತ್ತದೆ. ಬಾವಿಗೆ ನಿಜಕ್ಕೂ ಅನುಕೂಲ ಆಗುವ ಕೆಲಸ ಬೇರೆ ಇದೆ: ಮಳೆ ಪೂರ್ತಿ ನಿಂತ ಮೇಲೆ, ಬಾವಿಯ ಕೆಳಗಿನ ಹಳ್ಳಕ್ಕೆ ಮರಳುಚೀಲದ ಕಟ್ಟ. ಹಳ್ಳದ ಮಟ್ಟ ಎರಡು ಅಡಿ ಏರಿದರೂ ಬಾವಿಯಿಂದ ಬಸಿಯುವ ವೇಗ ಇಳಿಯುತ್ತದೆ. ಕೆಳಗಿನ ತೋಟದವರನ್ನು ಮೊದಲೇ ಕೇಳಿಕೊಳ್ಳಿ, ಮುಂದಿನ ಮಳೆಗಾಲಕ್ಕೆ ಮೊದಲು ಕಟ್ಟ ಬಿಚ್ಚಿ.

ಉತ್ತರ: ಹಿತ್ತಲಗಿಡ

ಬಚ್ಚಲ ನೀರಿಗೆ ಬಾಳೆಗುಂಡಿ ಮಾಡಿ. ಐದಾರು ಅಡಿ ಅಗಲ, ಎರಡೂವರೆ ಅಡಿ ಆಳ. ತಳಕ್ಕೆ ಕಾಯಿಸಿಪ್ಪೆ, ಮೇಲೆ ಅಡಿಕೆ ಹಾಳೆ-ಸೋಗೆ ಕತ್ತರಿಸಿ ತುಂಬಿ. ತೆಗೆದ ಮಣ್ಣನ್ನು ಸುತ್ತ ಏರಿ ಹಾಕಿ ಅದರ ಮೇಲೆ ನಾಲ್ಕೈದು ಬಾಳೆ, ನಡುನಡುವೆ ಕೆಸು. ಪೈಪಿನ ಬಾಯಿ ಸೋಗೆಯ ಅಡಿಗೆ ಇರಬೇಕು, ನೀರು ಕಣ್ಣಿಗೆ ಕಂಡರೆ ಸೊಳ್ಳೆ ಖಂಡಿತ. ಸಿಂಕಿನ ನೀರನ್ನು ಇದಕ್ಕೆ ಸೇರಿಸುವುದಾದರೆ ಮೊದಲು ಜಿಡ್ಡು ತಡೆಯುವ ಸಣ್ಣ ಚೇಂಬರ್ ಬೇಕು. ಎಣ್ಣೆ ಸೇರಿದರೆ ಮಣ್ಣಿನ ಸಂದು ಮುಚ್ಚಿ ಗುಂಡಿ ನಾರುತ್ತದೆ. ಬಟ್ಟೆ ಸೋಪಿನ ಪುಡಿಯ ನೀರಿನಲ್ಲಿ ಸೋಡಿಯಂ ಜಾಸ್ತಿ, ಅದನ್ನು ಒಂದೇ ಬುಡಕ್ಕೆ ವರ್ಷಗಟ್ಟಲೆ ಬಿಡಬೇಡಿ. ಪೈಪಿಗೊಂದು ತಿರುವು ವಾಲ್ವ್ ಹಾಕಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಗುಂಡಿ ಮಳೆನೀರಲ್ಲೇ ತುಂಬಿರುತ್ತದೆ, ಆಗ ಹಳೆಯ ದಾರಿಗೇ ಬಿಡಬೇಕು. ಗುಂಡಿಯೂ ಧರೆ ಬದಿಗೆ ಬೇಡ, ಅಡಿಪಾಯದಿಂದ 10 ಅಡಿ ದೂರ ಇರಲಿ.

ಗೊಬ್ಬರ ನಾರುವುದಕ್ಕೆ ಕಾರಣ ಒಣಕಸದ ಕೊರತೆ. ಮಾರ್ಚ್-ಏಪ್ರಿಲ್‌ನಲ್ಲಿ ಹಿತ್ತಲ ತರಗೆಲೆಗೆ ಬೆಂಕಿ ಹಾಕುವ ಬದಲು ಚೀಲಕ್ಕೆ ತುಂಬಿ ಅಟ್ಟದಲ್ಲೋ ಕಟ್ಟಿಗೆ ಮನೆಯಲ್ಲೋ ಇಡಿ. ಒಂದು ಪಾತ್ರೆ ಹಸಿಕಸಕ್ಕೆ ಎರಡು ಮೂರು ಪಾತ್ರೆ ಎಲೆಪುಡಿ, ಒಂದು ಹಿಡಿ ಹಳೆಯ ಗೊಬ್ಬರ. ಡಬ್ಬಿ ಸೂರಿನಡಿ ಇಟ್ಟಿಗೆಯ ಮೇಲೆ ಇರಲಿ, ತಳಕ್ಕೆ ತೂತು. ಹಿಂಡಿದರೆ ನೀರು ತೊಟ್ಟಿಕ್ಕಿತೋ, ಇನ್ನಷ್ಟು ಎಲೆ ಹಾಕಿ. ದಪ್ಪ ಬಿಳಿ ಹುಳ ಕಂಡರೆ ಗಾಬರಿ ಬೇಡ, ಅವೂ ಕಸವನ್ನೇ ತಿನ್ನುತ್ತವೆ.

ಹೆಂಚಿನಮನೆ

ಎಲ್ಲರಿಗೂ ಧನ್ಯವಾದ. ಗುಂಡಿಯ ಯೋಚನೆ ಕೈಬಿಟ್ಟೆವು, ಮೊದಲು ಧರೆಯ ಮೇಲಿನ ಕಾಲುವೆ. ಇನ್ನೊಂದು ಅನುಮಾನ. ಅಂಗಳದ ಕೆಳಗೇ ತೋಟ, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುತ್ತೇವೆ, ಗಾಳಿ ಬಂದರೆ ಮಾಡಿನ ಮೇಲೂ ಸಿಡಿಯುತ್ತದೆ. ಆ ನೀರು ಕುಡಿಯಬಹುದಾ?

ಉತ್ತರ: ಜಂಬಿಟ್ಟಿಗೆ

ಒಳ್ಳೆಯದನ್ನು ಕೇಳಿದಿರಿ, ನಾನೇ ಬರೆಯಬೇಕಿತ್ತು. 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ ಸೇರಿಸಿ ಹೊಡೆಯುವುದು. ಅದರ ತಾಮ್ರ ಎಲೆಗೆ ಅಂಟುವ ಹಾಗೆ ಹೆಂಚಿಗೂ ಅಂಟುತ್ತದೆ, ಆಮೇಲೆ ಮಳೆಯಲ್ಲಿ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಮರಳಿನ ಫಿಲ್ಟರ್ ಅದನ್ನು ಪೂರ್ತಿ ತಡೆಯುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಔಷಧಿ ಹೊಡೆಯುವ ಹಿಂದಿನ ದಿನವೇ ಫಿಲ್ಟರಿಗೆ ಹೋಗುವ ಪೈಪನ್ನು ಬಿಚ್ಚಿ ಹೊರಗೆ ತಿರುಗಿಸಿ. ಕೊನೆಯ ಔಷಧಿ ಆಗಸ್ಟಿನಲ್ಲಿ ಮುಗಿದರೆ ನಾಲ್ಕೈದು ಜಡಿಮಳೆ ಮಾಡನ್ನು ತೊಳೆಯುವವರೆಗೆ ಕಾಯಿರಿ, ಅಷ್ಟರಲ್ಲಿ ಉತ್ತರೆ ಮಳೆ ಬಂದೇ ಬರುತ್ತದೆ. ಮಳೆ ಎಳೆದು ಸೆಪ್ಟೆಂಬರಿನಲ್ಲಿ ಇನ್ನೊಂದು ಸಲ ಹೊಡೆಯಬೇಕಾಗಿ ಬಂದ ವರ್ಷ ತೋಟದ ಬದಿಯ ಇಳಿಮಾಡಿನ ನೀರನ್ನು ಬಿಟ್ಟುಬಿಡಿ, ಧರೆ ಬದಿಯ ಇಳಿಮಾಡಿನದನ್ನು ಮಾತ್ರ ಹಿಡಿಯಿರಿ. ಅದು 46 ಚದರ ಮೀಟರ್, 140 ಮಿ.ಮೀ. ಮಳೆ ಬಂದರೆ 5000 ಲೀಟರ್ ಸಿಗುತ್ತದೆ. ಹಾಗಾಗಿ ಎರಡು ಬದಿಯ ದೋಣಿಗೂ ಬೇರೆ ಬೇರೆ ಇಳಿಪೈಪ್ ಕೊಟ್ಟು, ಎರಡಕ್ಕೂ ಒಂದೊಂದು ವಾಲ್ವ್ ಈಗಲೇ ಹಾಕಿಸಿಬಿಡಿ. ಕಟ್ಟಿದ ಮೇಲೆ ಸೇರಿಸುವುದು ಡಬಲ್ ಕೆಲಸ.