ಇತಿಹಾಸದ ವಿದ್ಯಾರ್ಥಿನಿಗೆ ಡೇಟಾ ಸೈನ್ಸ್ ಮೈನರ್: ಅಣ್ಣನ ಪ್ರಶ್ನೆಗೆ ಉತ್ತರ

ಅಣ್ಣಾ, ನಮಸ್ಕಾರ. ಮಗಳು ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ಇತಿಹಾಸವನ್ನು ಮುಖ್ಯ ವಿಷಯವಾಗಿ ಓದುತ್ತಿದ್ದಾಳೆ, ಮೈನರ್ ಆಗಿ, ಅಂದರೆ ಜೊತೆಗಿನ ಉಪವಿಷಯವಾಗಿ, ಡೇಟಾ ಸೈನ್ಸ್ (ಕಂಪ್ಯೂಟರ್ ಬಳಸಿ ದತ್ತಾಂಶವನ್ನು ವಿಶ್ಲೇಷಿಸುವ ವಿದ್ಯೆ) ಆರಿಸಿಕೊಳ್ಳಲು ಅವಕಾಶವಿದೆಯಂತೆ, ಎಸ್ಸೆಸ್ಸೆಲ್ಸಿಯ ನಂತರ ಗಣಿತವನ್ನೇ ಮುಟ್ಟದವಳಿಗೆ ಅದು ಹೊರೆಯಾಗುವುದಿಲ್ಲವೇ, ಐಟಿ ಕೆಲಸ ಸಿಗುವುದಾದರೆ ಮಾತ್ರ ತೆಗೆದುಕೊಳ್ಳಲಿ ಎಂದು ನೀವು ಗುಂಪಿನಲ್ಲಿ ಕೇಳಿದ್ದಿರಿ. ಪದವಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವ ನನಗೆ ಈ ಪ್ರಶ್ನೆ ಪ್ರತಿ ವರ್ಷವೂ ಎದುರಾಗುತ್ತದೆ. ಧ್ವನಿಸಂದೇಶ ಕಳುಹಿಸಿದರೆ ನಮ್ಮ ಮನೆಯವರಲ್ಲಿ ಯಾರೂ ಕೊನೆಯವರೆಗೆ ಕೇಳುವುದಿಲ್ಲವಾದ್ದರಿಂದ ಬರೆದೇ ಹೇಳುತ್ತೇನೆ: ಅವಳು ಖಂಡಿತ ತೆಗೆದುಕೊಳ್ಳಲಿ, ಆದರೆ ಐಟಿ ಕೆಲಸದ ಲೆಕ್ಕಾಚಾರವನ್ನು ಬದಿಗಿಟ್ಟು, ಅವಳ ಇತಿಹಾಸದ ಓದಿಗೇ ಅದು ಒದಗಿ ಬರುವಂತೆ ತೆಗೆದುಕೊಳ್ಳಲಿ.

ಐಟಿ ಕೆಲಸದ ಲೆಕ್ಕವನ್ನು ಬದಿಗಿಡಬೇಕೆನ್ನಲು ಕಾರಣವಿದೆ. 2022ರ ಡಿಸೆಂಬರಿನಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಹೊರಡಿಸಿದ ಚೌಕಟ್ಟಿನ ಪ್ರಕಾರ ಮೂರು ವರ್ಷಗಳ ಪದವಿಯ 120 ಕ್ರೆಡಿಟ್‌ಗಳಲ್ಲಿ ಮೈನರ್ ವಿಷಯಕ್ಕೆ 24, ನಾಲ್ಕು ವರ್ಷಗಳದಾದರೆ 160ರಲ್ಲಿ 32 ಮೀಸಲು. ಒಂದು ಕ್ರೆಡಿಟ್ ಎಂದರೆ ತರಗತಿಯಲ್ಲಿ 15 ಗಂಟೆ ಅಥವಾ ಪ್ರಯೋಗಾಲಯದಲ್ಲಿ 30 ಗಂಟೆ. ಮೂರು ಕ್ರೆಡಿಟ್ ಪಾಠ, ಒಂದು ಕ್ರೆಡಿಟ್ ಲ್ಯಾಬ್ ಇರುವ ಆರು ಪತ್ರಿಕೆಗಳನ್ನು ಮುಗಿಸಿದರೆ ಒಟ್ಟು 450 ಗಂಟೆಗಳಾಗುತ್ತವೆ. ಒಂದು ವಿದ್ಯೆಯನ್ನು ಕೈವಶ ಮಾಡಿಕೊಳ್ಳಲು ಇದು ಸಾಕಷ್ಟು ಸಮಯ. ನಾಲ್ಕು ವರ್ಷ ಕಂಪ್ಯೂಟರ್ ಸೈನ್ಸ್ ಒಂದನ್ನೇ ಓದಿದ ಎಂಜಿನಿಯರಿಂಗ್ ಪದವೀಧರರೊಡನೆ ಅದೇ ಹುದ್ದೆಗೆ ಪೈಪೋಟಿ ನಡೆಸಲು ಸಾಲದು. ನಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳು 2024-25ರಿಂದ ಮೂರು ವರ್ಷಗಳ ಪದವಿಗೆ ಮರಳಿರುವುದರಿಂದ, ಶಿವಮೊಗ್ಗದಲ್ಲಿ ಬಿಎ ಓದುತ್ತಿರುವ ಚಿಕ್ಕಪ್ಪನ ಮಗ ಹೇಳುವ ನಿಯಮಗಳನ್ನು ಇವಳಿಗೆ ಅನ್ವಯಿಸಿ ಗೊಂದಲ ಮಾಡಿಕೊಳ್ಳಬೇಡಿ.

ಇನ್ನು ಇತಿಹಾಸಕ್ಕೆ ಇದು ಹೇಗೆ ಒದಗುತ್ತದೆ ಎಂಬ ಮಾತು. ಬಿ. ಎಲ್. ರೈಸ್ ಅವರು ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಗಳನ್ನು ಅವಳು ಈಗಾಗಲೇ ನೋಡಿರುತ್ತಾಳೆ. ಅಲ್ಲಿ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿ ಕ್ರಮಸಂಖ್ಯೆ ಕೊಟ್ಟಿದ್ದಾರೆ, ಅಂದರೆ ಅರ್ಧ ಕೋಷ್ಟಕ ಆಗಲೇ ಸಿದ್ಧವಾಗಿದೆ. ಊರು, ಅರಸ, ಶಕವರ್ಷ, ದಾನದ ಬಗೆ, ದಾನ ಪಡೆದವರು ಎಂದು ಅಂಕಣಗಳನ್ನು ಮಾಡಿ ಡೇಟಾಬೇಸಿಗೆ ತುಂಬಿದರೆ, ಹೊಯ್ಸಳರ ಕಾಲದಲ್ಲಿ ಕೆರೆಗೆ ಬಿಟ್ಟ ದಾನಗಳು ಯಾವ ಯಾವ ತಾಲ್ಲೂಕುಗಳಲ್ಲಿ ಹೆಚ್ಚಾಗಿದ್ದವು ಎಂಬ ಪ್ರಶ್ನೆಯನ್ನು ಡೇಟಾಬೇಸಿನಿಂದ ಮಾಹಿತಿ ಕೇಳುವ ಭಾಷೆಯಾದ ಎಸ್‌ಕ್ಯೂಎಲ್‌ನ ನಾಲ್ಕು ಸಾಲುಗಳಲ್ಲಿ ಕೇಳಬಹುದು. ಆದರೆ ಆ ಅಂಕಣಗಳನ್ನು ಸರಿಯಾಗಿ ತುಂಬುವುದಕ್ಕೆ ಇತಿಹಾಸ ಬಲ್ಲವರೇ ಬೇಕು. ಶಕವರ್ಷಕ್ಕೆ 78 ಕೂಡಿಸಿ ಕ್ರಿಸ್ತಶಕ ಪಡೆಯುವುದನ್ನು ಯಂತ್ರಕ್ಕೆ ಹೇಳಿಕೊಡಬಹುದು. ಪುಷ್ಯ, ಮಾಘ ಮಾಸಗಳಲ್ಲಿ ಹಲವು ಸಲ 79 ಕೂಡಿಸಬೇಕಾಗುತ್ತದೆ ಎಂಬುದು, ತೇದಿಯೇ ಇಲ್ಲದ ಶಾಸನವನ್ನು ಲಿಪಿಯ ಆಧಾರದಿಂದ ಅಂದಾಜಿಸಿದ್ದರೆ ಆ ಅಂದಾಜಿಗೆ ಬೇರೆಯೇ ಅಂಕಣ ಬೇಕೆಂಬುದು, ವೇಲಾಪುರವೂ ಬೇಲೂರೂ ಒಂದೇ ಊರೆಂಬುದು ಶಾಸನ ಓದಿದವರಿಗೆ ಮಾತ್ರ ಹೊಳೆಯುತ್ತದೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಎಂಬ ಸಂಶೋಧನಾ ಸಂಸ್ಥೆಯವರು ಕೆಲವು ವರ್ಷಗಳಿಂದ ಶಾಸನಗಳ ಮೂರು ಆಯಾಮದ ಸ್ಕ್ಯಾನ್ ಮಾಡುತ್ತಿದ್ದಾರೆ. ಇಂಥ ಕೆಲಸಕ್ಕೆ ಎರಡೂ ಕಡೆಯ ತಿಳಿವಳಿಕೆ ಇರುವವರು ಬೇಕು. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚಾದ ಕಡತಗಳನ್ನು ಯೂನಿಕೋಡ್ ಎಂಬ ಸಾರ್ವತ್ರಿಕ ಅಕ್ಷರಸಂಕೇತಕ್ಕೆ ತಿರುಗಿಸದೆ ಒಂದು ಪದವನ್ನೂ ಹುಡುಕಲಾಗದು ಎಂಬ ಸಣ್ಣ ಸಂಗತಿಯೂ ಕನ್ನಡದ ಸಂಶೋಧಕರಿಗೆ ದಿನನಿತ್ಯದ ತೊಡಕೇ ಆಗಿದೆ.

ಗಣಿತದ ಭಯದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಡೇಟಾಬೇಸ್, ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್‌ನ ಮೊದಲ ಪಾಠಗಳು, ಸರಾಸರಿ, ಮಧ್ಯಾಂಕ, ನಕ್ಷೆ ಬಿಡಿಸುವುದು, ಇಷ್ಟಕ್ಕೆ ಎಸ್ಸೆಸ್ಸೆಲ್ಸಿಯ ಗಣಿತ ಸಾಕು. ದತ್ತಾಂಶದಿಂದ ಯಂತ್ರವೇ ಕಲಿಯುವಂತೆ ಮಾಡುವ ಮೆಷಿನ್ ಲರ್ನಿಂಗ್ ಬಂದಾಗ ಮ್ಯಾಟ್ರಿಕ್ಸ್, ಸಂಭವನೀಯತೆ, ಕಲನಶಾಸ್ತ್ರ ಮೂರೂ ಒಟ್ಟಿಗೆ ಬರುತ್ತವೆ, ಅಲ್ಲಿ ಕಷ್ಟವಿದೆ. ಆದ್ದರಿಂದ ನಾನು ಪತ್ರಿಕೆಗಳ ಹೆಸರಿಗಿಂತ ಅವುಗಳ ಕ್ರಮವನ್ನು ನೋಡುತ್ತೇನೆ. ಎರಡನೆಯ ಸೆಮಿಸ್ಟರಿನಲ್ಲೇ ಕೃತಕ ಬುದ್ಧಿಮತ್ತೆ ಎಂದು ಹೆಸರಿಟ್ಟು ಅಂಕಿಅಂಶವನ್ನು ಐದನೆಯದಕ್ಕೆ ದೂಡಿರುವ ಮೈನರ್ ಆಗಿದ್ದರೆ, ಅದನ್ನು ರೂಪಿಸಿದವರ ಗಮನ ಪಾಠಕ್ಕಿಂತ ಪ್ರವೇಶಾತಿಯ ಜಾಹೀರಾತಿನ ಮೇಲಿತ್ತು ಎಂದೇ ನನ್ನ ಅನುಮಾನ.

ಇನ್ನೊಂದು ದಾರಿಯೂ ಇದೆ. ಐಐಟಿಗಳೂ ಐಐಎಸ್‌ಸಿಯೂ ಸೇರಿ ಆನ್‌ಲೈನಿನಲ್ಲಿ ನಡೆಸುವ ಎನ್‌ಪಿಟಿಇಎಲ್ ಪಾಠಗಳನ್ನು ಹಣ ಕೊಡದೆ ಕೇಳಬಹುದು. ಪ್ರಮಾಣಪತ್ರ ಬೇಕಾದವರು ಮಾತ್ರ ಶುಲ್ಕ ಕಟ್ಟಿ, ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಪೈಥಾನ್ ತನಗೆ ಹಿಡಿಸುತ್ತದೆಯೇ ಎಂದು ತಿಳಿಯಲು ಅವಳು ರಜೆಯಲ್ಲಿ ಅದರ ಮೊದಲ ನಾಲ್ಕು ವಾರಗಳ ಪಾಠವನ್ನು ಮಾಡಿ ನೋಡಲಿ. ಮದ್ರಾಸ್ ಐಐಟಿಯ ಆನ್‌ಲೈನ್ ಡೇಟಾ ಸೈನ್ಸ್ ಪದವಿಗೆ ಜೆಇಇ ಬೇಕಿಲ್ಲ, ಕಲಾ ವಿಭಾಗದವರೂ ಅರ್ಹತಾ ಹಂತ ದಾಟಿ ಸೇರಬಹುದು ಎಂದು ಅತ್ತಿಗೆ ಹೇಳಿದ್ದು ನಿಜ. ಆದರೆ ಅದು ಸ್ವತಂತ್ರವಾದ ಇನ್ನೊಂದು ಪದವಿ. ಇತಿಹಾಸದ ಜೊತೆಗೆ ಅದನ್ನೂ ಹೊತ್ತರೆ ಎರಡನ್ನೂ ಅರ್ಧಂಬರ್ಧ ಓದುವ ಅಪಾಯವಿದೆ, ಹಾಗಾಗಿ ನಾನು ಈಗಲೇ ಒತ್ತಾಯಿಸುವುದಿಲ್ಲ.

ಅರ್ಜಿ ತುಂಬುವ ಮೊದಲು ಅವಳು ವಿಭಾಗದ ಕಚೇರಿಯಲ್ಲಿ ಪಠ್ಯಕ್ರಮದ ಪೂರ್ಣ ಪ್ರತಿಯನ್ನು ಕೇಳಿ ಪಡೆಯಲಿ, ಲ್ಯಾಬ್ ಗಂಟೆಗಳು ವೇಳಾಪಟ್ಟಿಯಲ್ಲಿ ನಿಜವಾಗಿಯೂ ಇವೆಯೇ, ಕೊನೆಯ ವರ್ಷದ ಪ್ರಾಜೆಕ್ಟನ್ನು ಇತಿಹಾಸದ ಅಧ್ಯಾಪಕರ ಮಾರ್ಗದರ್ಶನದಲ್ಲಿ ಮಾಡಲು ಬಿಡುತ್ತಾರೆಯೇ, ಒಂದು ವರ್ಷದ ನಂತರ ಮೈನರ್ ಬದಲಿಸಲು ಸಾಧ್ಯವೇ ಎಂಬುದನ್ನೂ ವಿಚಾರಿಸಲಿ. ಆ ಪ್ರತಿಯನ್ನು ಇಲ್ಲಿಗೆ ಹಾಕಿದರೆ ನಾನು ಓದಿ, ಯಾವ ಪತ್ರಿಕೆ ಕಷ್ಟವಾಗಬಹುದೆಂದು ಅವಳೊಡನೆಯೇ ಮಾತನಾಡುತ್ತೇನೆ.