ಹಳೇ ಥಾರ್ ಎರಡು ತಿಂಗಳಿಂದ ಹೋಗ್ತಿಲ್ಲ: ಬೆಲೆ ಜಾಸ್ತಿ ಆಯ್ತಾ?

ಬಿಸಿಲೆದಾರಿ:
ಎಲ್ಲರಿಗೂ ನಮಸ್ಕಾರ. ನನ್ನ 2016ರ ಮಹೀಂದ್ರಾ ಥಾರ್ ಜೀಪು, ಸಿಆರ್‌ಡಿಇ (ಡೀಸೆಲ್ ಇಂಜಿನ್), ಫೋರ್ ಬೈ ಫೋರ್ (ಬೇಕಾದಾಗ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವಂಥದ್ದು), ಮಾರಬೇಕು. ಮೊದಲ ಓನರ್ ನಾನೇ. ಕೆಎ 46 ನಂಬರ್, 78,000 ಕಿ.ಮೀ. ಓಡಿದೆ. ಅಮ್ಮನಿಗೆ ಮಂಡಿ ನೋವು, ಅಷ್ಟು ಎತ್ತರ ಹತ್ತಲು ಆಗುತ್ತಿಲ್ಲ. ಇಲ್ಲದಿದ್ದರೆ ಕೊಡುವ ಮನಸ್ಸೇ ಇಲ್ಲ.

8.90 ಲಕ್ಷ ಅಂತ ಹಾಕಿದ್ದೇನೆ. ನನ್ನ ಲೆಕ್ಕ ಹೀಗಿದೆ. ಆಗ ಆನ್‌ರೋಡ್ ಹತ್ತೂವರೆ ಲಕ್ಷ ಕೊಟ್ಟಿದ್ದೆ. ಆಮೇಲೆ ಹಾರ್ಡ್‌ಟಾಪ್ (ಗಟ್ಟಿ ಚಾವಣಿ), ವಿಂಚ್ (ಸಿಕ್ಕಿಬಿದ್ದ ಗಾಡಿ ಎಳೆಯುವ ಯಂತ್ರ), ಮುಂದೆ ಕಬ್ಬಿಣದ ಬಂಪರ್, ಸೀಟು ಎಲ್ಲ ಸೇರಿ 1.90 ಲಕ್ಷ ಹಾಕಿದ್ದೇನೆ. ಒಟ್ಟು 12.40. ಅದರಲ್ಲಿ ಮೂರೂವರೆ ಲಕ್ಷ ಬಿಟ್ಟಿದ್ದೇನೆ.

ಒಂಬತ್ತು ಜನ ಬಂದು ನೋಡಿದರು, ಐದು ಜನ ಓಡಿಸಿದರು. "ಮನೇಲಿ ಕೇಳಿ ಹೇಳ್ತೀನಿ" ಅಂದವರು ಮತ್ತೆ ಫೋನ್ ಮಾಡಲಿಲ್ಲ. ಒಬ್ಬ ಡೀಲರ್ 5.75 ಅಂದರು. ಇನ್ಶೂರೆನ್ಸ್ ಕಾಗದದಲ್ಲಿ ಐಡಿವಿ (ವಿಮೆಗೆ ಲೆಕ್ಕ ಹಾಕಿದ ಗಾಡಿ ಬೆಲೆ) 4.60 ಅಂತಿದೆ. ಯಾವುದನ್ನು ನಂಬಲಿ?

ಹಳೇಜೀಪು:
ಐಡಿವಿ ಬಿಟ್ಟುಬಿಡಿ. ಐದು ವರ್ಷದ ತನಕ ಅದಕ್ಕೊಂದು ಪಟ್ಟಿ ಇದೆ, ಐದನೇ ವರ್ಷಕ್ಕೆ ಶೇ. 50 ಕಳೆಯುತ್ತಾರೆ. ಐದು ದಾಟಿದ ಮೇಲೆ ಕಂಪನಿಯವರೂ ನೀವೂ ಒಪ್ಪಿಕೊಂಡ ಅಂಕಿ ಅದು. ಪ್ರೀಮಿಯಂ ಕಮ್ಮಿ ಆಗಲಿ ಅಂತ ಎಷ್ಟೋ ಜನ ಇಳಿಸಿಯೇ ಬರೆಸುತ್ತಾರೆ. ಮಾರುವ ಬೆಲೆಗೂ ಅದಕ್ಕೂ ಸಂಬಂಧ ಇಲ್ಲ. ಡೀಲರ್ ಹೇಳಿದ್ದು ಅವರ ಲಾಭ, ಗಾಡಿ ನಿಲ್ಲಿಸಿಕೊಳ್ಳುವ ಖರ್ಚು ಎಲ್ಲ ಕಳೆದ ಅಂಕಿ. ಅದು ನಿಮ್ಮ ತಳ ಅಂದುಕೊಳ್ಳಿ.

ಆದರೆ ನನಗೆ ಬೇರೆ ಅನುಮಾನ ಬರುತ್ತಿದೆ. ಬೆಲೆ ಮಾತ್ರ ಜಾಸ್ತಿ ಆಗಿದ್ದರೆ ಜನ ಫೋನಲ್ಲೇ ಚೌಕಾಸಿ ಮಾಡುತ್ತಿದ್ದರು, ನಿಮ್ಮ ಮನೆ ತನಕ ಬರುತ್ತಿರಲಿಲ್ಲ. ಒಂಬತ್ತು ಜನ ಬಂದಿದ್ದಾರೆ. ಓಡಿಸಿದ ಮೇಲೆ ಬಾಯಿ ಮುಚ್ಚಿದ್ದಾರೆ. ಅಂದರೆ ಗಾಡಿಯಲ್ಲಿ ಏನೋ ಕಂಡಿದೆ, ನಿಮಗೆ ಹೇಳಿಲ್ಲ. ಆ ಐದು ಜನ ಎಲ್ಲಿ ಓಡಿಸಿದರು? ಫೋರ್ ವೀಲ್ ಹಾಕಿ ನೋಡಿದರಾ?

ಬಿಸಿಲೆದಾರಿ:
ಮನೆ ಮುಂದಿನ ಟಾರ್ ರಸ್ತೆಯಲ್ಲೇ ಓಡಿಸಿದ್ದು. ಮೂರು ಜನ 4ಎಚ್ (ನಾಲ್ಕೂ ಚಕ್ರ) ಹಾಕಿದರು. ಈಗ ನೆನಪಾಯಿತು, ಇಬ್ಬರಿಗೆ 2ಎಚ್‌ಗೆ (ಹಿಂದಿನ ಎರಡೇ ಚಕ್ರ) ವಾಪಸ್ ತರಲು ಲಿವರ್ ಬರಲೇ ಇಲ್ಲ. ನಾನೇ ಕೂತು ಎರಡು ಕೈಯಲ್ಲಿ ಎಳೆದು ತೆಗೆದೆ. ಸ್ಟೀರಿಂಗ್ ಕೂಡ ಬಿಗಿ ಆಗುತ್ತದೆ ಅಂದರು. ತೋಟದಲ್ಲಿ ನನಗೆ ಯಾವತ್ತೂ ಹೀಗೆ ಆಗಿಲ್ಲ. ಹೋದ ವರ್ಷ ಹಿಂದೆ ಎರಡು ಹೊಸ ಟಯರ್ ಹಾಕಿಸಿದೆ, ಅದು ಬಿಟ್ಟರೆ ಏನೂ ಬದಲಾಯಿಸಿಲ್ಲ.

ಗ್ರೀಸ್‌ಕೈ:
ಸಿಕ್ಕಿತು! ನಿಮ್ಮ ಗಾಡಿಗೆ ಏನೂ ಆಗಿಲ್ಲ, ಆದರೆ ನೋಡಲು ಬಂದವರಿಗೆ ಟ್ರಾನ್ಸ್‌ಫರ್ ಕೇಸ್ (ಇಂಜಿನ್ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಗೇರ್ ಪೆಟ್ಟಿಗೆ) ಹೋಗಿದೆ ಅನ್ನಿಸಿದೆ.

ಹಳೇ ಥಾರ್‌ನಲ್ಲಿ ಮಧ್ಯದ ಡಿಫರೆನ್ಷಿಯಲ್ (ಮುಂದೆ ಹಿಂದೆ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್) ಇಲ್ಲ. 4ಎಚ್ ಹಾಕಿದ ತಕ್ಷಣ ಮುಂದಿನ ಶಾಫ್ಟ್, ಹಿಂದಿನ ಶಾಫ್ಟ್ ಒಂದಕ್ಕೊಂದು ಕಟ್ಟಿದ ಹಾಗೆ ಒಂದೇ ವೇಗದಲ್ಲಿ ತಿರುಗಬೇಕು. ತಿರುವಿನಲ್ಲಿ ಮುಂದಿನ ಚಕ್ರಕ್ಕೆ ಜಾಸ್ತಿ ದೂರ, ಹಿಂದಿನದಕ್ಕೆ ಕಮ್ಮಿ. ಕೆಸರಲ್ಲಿ ಆದರೆ ಚಕ್ರ ಒಂಚೂರು ಜಾರಿ ಸರಿ ಮಾಡಿಕೊಳ್ಳುತ್ತದೆ. ಟಾರ್ ಮೇಲೆ ಜಾರಲ್ಲ. ಆ ಒತ್ತಡ ಎಲ್ಲ ಗೇರು, ಶಾಫ್ಟ್ ಒಳಗೆ ಕೂರುತ್ತದೆ. ಹಗ್ಗ ಹುರಿ ಮಾಡಿದ ಹಾಗೆ. ಆಗ ಲಿವರ್ ಕಚ್ಚಿಕೊಳ್ಳುತ್ತದೆ, ಸ್ಟೀರಿಂಗ್ ಬಿಗಿಯುತ್ತದೆ.

ನಿಮ್ಮಲ್ಲಿ ಟಯರ್ ಇನ್ನೂ ಜಾಸ್ತಿ ಮಾಡಿದೆ. 235/70 ಆರ್16 ಟಯರ್ ಒಂದು ಸುತ್ತಿಗೆ ಸುಮಾರು 2.3 ಮೀಟರ್ ಹೋಗುತ್ತದೆ. ಹಿಂದಿನ ಹೊಸ ಟಯರ್ ಮುಂದಿನ ಸವೆದ ಟಯರ್‌ಗಿಂತ 6 ಮಿ.ಮೀ. ದಪ್ಪ ಇದ್ದರೂ, ಒಂದು ಕಿಲೋಮೀಟರಿಗೆ ಮುಂದೆ ಹಿಂದೆ ಹೆಚ್ಚುಕಮ್ಮಿ 15 ಮೀಟರ್ ವ್ಯತ್ಯಾಸ ಬರುತ್ತದೆ. ನೇರ ರಸ್ತೆಯಲ್ಲೂ ಹುರಿ ಬಿಗಿಯುತ್ತಲೇ ಇರುತ್ತದೆ.

ಎಳೆದಾಡಬೇಡಿ. ಗಾಡಿಯನ್ನು ಹತ್ತು ಹದಿನೈದು ಅಡಿ ನೇರವಾಗಿ ರಿವರ್ಸ್ ತಗೊಳ್ಳಿ, ಲಿವರ್ ಬೆಣ್ಣೆ ಹಾಗೆ ಬರುತ್ತದೆ. ಇನ್ನು ಮೇಲೆ ಯಾರು ಬಂದರೂ ಫೋರ್ ವೀಲ್ ತೋರಿಸುವುದು ಮಣ್ಣಿನ ಮೇಲೆ ಮಾತ್ರ. ಜೊತೆಗೆ ಟ್ರಾನ್ಸ್‌ಫರ್ ಕೇಸ್ ಆಯಿಲ್ ಇಳಿಸಿ ನೋಡಿ. ಹಾಲಿನ ಥರ ಬೆಳ್ಳಗಿದ್ದರೆ ಹಳ್ಳ ದಾಟುವಾಗ ನೀರು ಹೋಗಿದೆ ಅಂತ ಅರ್ಥ. ಬೆರಳ ಮಧ್ಯೆ ತಿಕ್ಕಿದಾಗ ಮರಳಿನ ಹಾಗೆ ಸಿಕ್ಕರೆ ಗೇರ್ ಸವೆದಿದೆ. ಎರಡೂ ಇಲ್ಲದಿದ್ದರೆ ಒಂದು ಫೋಟೋ ತೆಗೆದಿಡಿ, ಕೇಳಿದವರಿಗೆ ತೋರಿಸಬಹುದು.

ಹಳೇಜೀಪು:
ಇದನ್ನೇ ನಾನು ಹುಡುಕುತ್ತಿದ್ದೆ. ಇನ್ನು ಬೆಲೆಗೆ ಬರೋಣ.

ನೀವು ಮಾಡಿದ ಲೆಕ್ಕ ಹಿಂದಿನಿಂದ ಮುಂದಕ್ಕೆ ಬಂದಿದೆ. ನಾನು ಕೊಟ್ಟಿದ್ದೆಷ್ಟು, ಹಾಕಿದ್ದೆಷ್ಟು ಅಂತ. ಕೊಳ್ಳುವವರು ಅದನ್ನು ನೋಡಲ್ಲ. ಈ ದುಡ್ಡಿಗೆ ಬೇರೇನು ಸಿಗುತ್ತದೆ, ತಗೊಂಡ ಮೇಲೆ ಆರು ತಿಂಗಳಲ್ಲಿ ನಾನೆಷ್ಟು ಕೈಯಿಂದ ಹಾಕಬೇಕು, ಇಷ್ಟೇ ಅವರ ಪ್ರಶ್ನೆ.

ಬೇರೇನು ಸಿಗುತ್ತದೆ? ಹೊಸ ಥಾರ್ ಬಂದಿದ್ದು 2020ರ ಅಕ್ಟೋಬರ್‌ನಲ್ಲಿ. ಅವೂ ಈಗ ಹಳೇ ಗಾಡಿ ಲೆಕ್ಕದಲ್ಲಿ ಮಾರ್ಕೆಟ್‌ಗೆ ಬರುತ್ತಿವೆ. ಗ್ಲೋಬಲ್ ಎನ್‌ಕ್ಯಾಪ್ ಕ್ರ್ಯಾಶ್ ಟೆಸ್ಟ್‌ನಲ್ಲಿ ನಾಲ್ಕು ಸ್ಟಾರ್, ಏರ್‌ಬ್ಯಾಗ್, ಎಬಿಎಸ್ ಎಲ್ಲ ಇದೆ. ನಿಮ್ಮ ಗಾಡಿಯಲ್ಲಿ ಏರ್‌ಬ್ಯಾಗೂ ಇಲ್ಲ, ಎಬಿಎಸ್ಸೂ ಇಲ್ಲ. 2023ರಲ್ಲಿ ಮಾರುತಿಯ ಫೋರ್ ಬೈ ಫೋರ್ ಜಿಮ್ನಿ ಬಂತು. ಸೆಪ್ಟೆಂಬರ್ 2025ರಲ್ಲಿ ಜಿಎಸ್‌ಟಿ ಬದಲಾಗಿ ಹೊಸ ಗಾಡಿ ಬೆಲೆ ಇಳಿಯಿತು. ಹೊಸದು ಇಳಿದರೆ ಹಳೇದೂ ಇಳಿಯಲೇಬೇಕು. ಅದಕ್ಕಿಂತ ಹಿಂದಿನ ಜಾಹೀರಾತು ನೋಡಿ ಬೆಲೆ ಇಟ್ಟಿದ್ದರೆ ಅದನ್ನು ಮರೆತುಬಿಡಿ.

ಹಾಗಂತ ಬೇಸರ ಬೇಡ. ಹಳೇ ಥಾರ್‌ಗೆ ಅದರದ್ದೇ ಜನ ಇದ್ದಾರೆ. ಹಿಂದೆ ಪಟ್ಟಾ ಸ್ಪ್ರಿಂಗ್, ಯಾವ ಊರಿನ ಮೆಕ್ಯಾನಿಕ್ ಬೇಕಾದರೂ ಬಿಚ್ಚುತ್ತಾನೆ, ಗೊಬ್ಬರದ ಮೂಟೆ ಹೇರಿದರೂ ಗೊಣಗಲ್ಲ. 2015ರ ಮಾರ್ಪಾಡಿನ ನಂತರದ್ದಾದ್ದರಿಂದ ಹಿಂದಿನ ಡಿಫರೆನ್ಷಿಯಲ್ ಲಾಕ್ (ಒಂದು ಚಕ್ರ ಜಾರಿದಾಗ ಹಿಂದಿನ ಎರಡನ್ನೂ ಒಟ್ಟಿಗೆ ತಿರುಗಿಸುವುದು) ಇದೆಯಾ ನೋಡಿ. ಇದ್ದರೆ ಅದನ್ನು ಜಾಹೀರಾತಿನ ಮೊದಲ ಸಾಲಲ್ಲೇ ಹಾಕಿ. ನೀವು ವಿಂಚ್ ಬಗ್ಗೆ ನಾಲ್ಕು ಸಾಲು ಬರೆದಿರುತ್ತೀರಿ, ಇದರ ಬಗ್ಗೆ ಒಂದು ಮಾತೂ ಇರಲ್ಲ.

ಈಗ ಕೆಲಸ. ನಿಮ್ಮ ಥರದ್ದೇ ಐದಾರು ಗಾಡಿ ಹುಡುಕಿ. ಸಿಆರ್‌ಡಿಇ, ಫೋರ್ ಬೈ ಫೋರ್, ಕರ್ನಾಟಕದ ನಂಬರ್, 2015ರಿಂದ 2017. ಜಾಹೀರಾತಿನ ಬೆಲೆ ಬರೆದುಕೊಳ್ಳಬೇಡಿ. ಜಾಹೀರಾತು ತೆಗೆದುಹಾಕಿದವರಿಗೆ ಫೋನ್ ಮಾಡಿ, "ನನ್ನದೂ ಅದೇ ಗಾಡಿ, ಮಾರಬೇಕು, ನಿಮ್ಮದು ಕೊನೆಗೆ ಎಷ್ಟಕ್ಕೆ ಹೋಯ್ತು?" ಅಂತ ಕೇಳಿ. ಇವತ್ತಿನ ತನಕ ನನಗೆ ಯಾರೂ ಇಲ್ಲ ಅಂದಿಲ್ಲ. ಆ ಸಂಖ್ಯೆಯೇ ನಿಮ್ಮ ಬುಡ. ದೆಹಲಿ ನಂಬರ್ ಗಾಡಿಗಳನ್ನು ಹೋಲಿಸಬೇಡಿ. ಅಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿ ಮೇಲಿನ ನಿರ್ಬಂಧದ ಭಯಕ್ಕೆ ಅಗ್ಗವಾಗಿ ಬಿಡುತ್ತಾರೆ. ಇಲ್ಲಿಗೆ ತಂದ ಮೇಲೆ ಎನ್‌ಒಸಿ (ಅಭ್ಯಂತರ ಇಲ್ಲ ಅನ್ನುವ ಪತ್ರ), ನಮ್ಮ ರಾಜ್ಯದ ಟ್ಯಾಕ್ಸ್, ಓಡಾಟ ಎಲ್ಲ ಇದೆ.

ಬುಡ ಸಿಕ್ಕ ಮೇಲೆ ಕಳೆಯಿರಿ. ಮುಂದಿನ ಎರಡು ಟಯರ್, ಕ್ಲಚ್ ಹತ್ತಿರ ಬಂದಿದ್ದರೆ ಕ್ಲಚ್, ತುಕ್ಕು. ಆರ್‌ಸಿಯನ್ನೂ ಮರೆಯಬೇಡಿ. 2016ರ ಗಾಡಿಗೆ 15 ವರ್ಷ ಅಂದರೆ 2031. ಆಮೇಲೆ ಫಿಟ್‌ನೆಸ್, ಮರುನೋಂದಣಿ, ಗ್ರೀನ್ ಟ್ಯಾಕ್ಸ್. ಉಳಿದ ವರ್ಷಗಳನ್ನು ಕೊಳ್ಳುವವರು ಬೆರಳಲ್ಲಿ ಎಣಿಸುತ್ತಾರೆ.

ಕೂಡಿಸುವುದು ತುಂಬಾ ಕಮ್ಮಿ. ಹಾರ್ಡ್‌ಟಾಪ್‌ಗೆ ಮಳೆಗಾಲದ ಊರಲ್ಲಿ ಸ್ವಲ್ಪ ಸಿಗುತ್ತದೆ, ಹಾಕಿದ್ದರಲ್ಲಿ ಮೂರನೇ ಒಂದು ಭಾಗ ಸಿಕ್ಕರೆ ಸಂತೋಷ ಪಡಿ. ಕಬ್ಬಿಣದ ಬಂಪರ್ ತೆಗೆದು ಕಂಪನಿಯದ್ದೇ ಹಾಕಿ. ಇಂಥ ಕ್ರ್ಯಾಶ್ ಗಾರ್ಡ್ ಹಾಕಬಾರದು ಅಂತ 2017ರ ಡಿಸೆಂಬರ್‌ನಲ್ಲೇ ಕೇಂದ್ರದಿಂದ ಆದೇಶ ಬಂದಿದೆ, ಮುಂದೆ ದಂಡದ ಭಯ. ವಿಂಚ್ ಬಿಚ್ಚಿ ಬೇರೆ ಮಾರಿ.

ತೋಟದಮನೆ:
ಕೊಳ್ಳುವವನ ಕಡೆಯಿಂದ ಒಂದು ಮಾತು. ಹೋದ ವರ್ಷ ನಾನು ನಾಲ್ಕು ಥಾರ್ ನೋಡಿ ನಾಲ್ಕನೆಯದನ್ನು ತಗೊಂಡೆ. ಮೊದಲ ಮೂರಕ್ಕೂ ಅಡಿಗೆ ಕಪ್ಪು ಬಣ್ಣ ಹೊಡೆದಿದ್ದರು. ಹೊಸ ಬಣ್ಣ ಕಂಡರೆ ಮುಚ್ಚಿಟ್ಟಿದ್ದೇನು ಅಂತ ಭಯ. ಸ್ಕ್ರೂಡ್ರೈವರ್ ಹಿಡಿ ತಗೊಂಡು ಹಿಂದಿನ ಚಕ್ರದ ಮೇಲೆ ಚಾಸಿ ತಟ್ಟಿದೆ. ಒಂದರಲ್ಲಿ ಠಣ್ ಅನ್ನುವ ಬದಲು ಡಬ್ ಅಂದಿತು, ಒಳಗಿನಿಂದ ಕೆಂಪು ಪುಡಿ ಉದುರಿತು. ನಾಲ್ಕನೆಯವರು ಬರೀ ನೀರಲ್ಲಿ ತೊಳೆದು, ತುಕ್ಕು ಇದ್ದ ಜಾಗವನ್ನು ಅವರೇ ಬೆರಳಿಟ್ಟು ತೋರಿಸಿದರು. ನಾನು ಮೂವತ್ತು ಸಾವಿರ ಜಾಸ್ತಿ ಕೊಟ್ಟೇ ತಂದೆ. ಬಣ್ಣ ಮಾತ್ರ ಹೊಡಿಸಬೇಡಿ.

ಬಿಸಿಲೆದಾರಿ:
ಹತ್ತು ದಿನ ಆಯಿತು, ಬರೆಯಲು ತಡವಾಯಿತು, ಕ್ಷಮಿಸಿ.

ರಿವರ್ಸ್ ತಗೊಂಡ ಕೂಡಲೇ ಲಿವರ್ ಒಂದು ಬೆರಳಲ್ಲಿ ಬಂತು. ನಂಬಲು ಆಗಲಿಲ್ಲ. ಆಯಿಲ್ ಇಳಿಸಿದೆ, ಕೊಳೆ ಇತ್ತು, ಆದರೆ ನೀರಿಲ್ಲ, ಪುಡಿ ಇಲ್ಲ. ಮುಂದಕ್ಕೆ ಅದೇ ಕಂಪನಿಯ ಎರಡು ಟಯರ್ ಹಾಕಿಸಿದೆ, 17,000 ಆಯಿತು. ಡಿಫರೆನ್ಷಿಯಲ್ ಲಾಕ್ ಇದೆ!

ಏಳು ಜನರಿಗೆ ಫೋನ್ ಮಾಡಿದೆ. ನಾಲ್ಕು ಗಾಡಿ ಮಾರಾಟವಾಗಿದ್ದವು. 6.80, 7.10, 7.40, ಇನ್ನೊಂದು 6.25 (ಅದಕ್ಕೆ ಆಕ್ಸಿಡೆಂಟ್ ಆಗಿತ್ತಂತೆ). ಜಾಹೀರಾತಿನಲ್ಲಿ ಅವೇ ಗಾಡಿಗಳು ಎಂಟು, ಎಂಟೂವರೆ ಇದ್ದವು. ಆಕ್ಸಿಡೆಂಟ್ ಆದದ್ದು ಬಿಟ್ಟು 7.10 ಬುಡ ಅಂತ ಇಟ್ಟುಕೊಂಡೆ. ಹಾರ್ಡ್‌ಟಾಪ್‌ಗೆ 25,000 ಸೇರಿಸಿ, ಕ್ಲಚ್ ಸ್ವಲ್ಪ ಮೇಲೆ ಹಿಡಿಯುತ್ತದೆ ಅಂತ 20,000 ಕಳೆದೆ. 7.45 ಅಂತ ಹಾಕಿ, 7.10ಕ್ಕಿಂತ ಕೆಳಗೆ ಇಳಿಯಲ್ಲ ಅಂತ ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ಸರೀನಾ?

ಹಳೇಜೀಪು:
ತುಂಬಾ ಸರಿ. ಆ ಕ್ಲಚ್ ವಿಷಯ ಜಾಹೀರಾತಿನಲ್ಲೇ ಬರೆಯಿರಿ. ಅವರೇ ಕಂಡುಹಿಡಿದರೆ 20,000ದ ಕ್ಲಚ್‌ಗೆ 50,000 ಕೇಳುತ್ತಾರೆ.

ಕಾಗದ ಈಗಲೇ ನೋಡಿಕೊಳ್ಳಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇರುತ್ತದೆ, ತುಂಬಾ ಜನರಿಗೆ ಗೊತ್ತಿರಲ್ಲ. ಫಾರ್ಮ್ 35, ಬ್ಯಾಂಕಿನ ಎನ್‌ಒಸಿ ಕೊಟ್ಟು ತೆಗೆಸಿ. ಮಾರುವಾಗ ಹೆಸರು ವರ್ಗಾವಣೆಗೆ ಫಾರ್ಮ್ 29, 30. ಬಾಕಿ ದಂಡ ಕಟ್ಟಿ, ಫಾಸ್ಟ್ಯಾಗ್ ಮುಚ್ಚಿ. ನೋ ಕ್ಲೈಮ್ ಬೋನಸ್ (ಕ್ಲೈಮ್ ಮಾಡದಿದ್ದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ನಿಮ್ಮದು, ಗಾಡಿಯದ್ದಲ್ಲ. ಅದರ ಪತ್ರ ಇನ್ಶೂರೆನ್ಸ್ ಕಂಪನಿಯಿಂದ ತಗೊಳ್ಳಿ, ಮುಂದಿನ ಗಾಡಿಗೆ ಆಗುತ್ತದೆ. ಆರ್‌ಸಿ ಅವರ ಹೆಸರಿಗೆ ಆಗುವ ತನಕ ಫಾಲೋಅಪ್ ಮಾಡುತ್ತಲೇ ಇರಿ. ಸುಮ್ನೆ ಸಹಿ ಹಾಕಿದ ಖಾಲಿ ಫಾರ್ಮ್ ಯಾರಿಗೂ ಕೊಡಬೇಡಿ.

ಬಿಸಿಲೆದಾರಿ:
ನಿನ್ನೆ ಹೋಯಿತು. 7.20ಕ್ಕೆ. ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರು, ಮಗನನ್ನು ಕರೆದುಕೊಂಡು ಬಂದಿದ್ದರು. ನಾನು ಮೊದಲೇ ನಮ್ಮ ಗದ್ದೆ ದಾರಿಗೆ ಕರೆದುಕೊಂಡು ಹೋದೆ. 4ಎಲ್ (ನಾಲ್ಕೂ ಚಕ್ರದ ನಿಧಾನದ ಗೇರ್) ಹಾಕಿ, ಆಕ್ಸಿಲರೇಟರ್ ಮುಟ್ಟದೆ, ಒದ್ದೆ ಏರಿಯಲ್ಲಿ ನಿಧಾನಕ್ಕೆ ಹತ್ತಿಸಿದೆ. ಹಿರಿಯರು ಏನೂ ಮಾತಾಡಲಿಲ್ಲ, ಕಿಟಕಿಯಿಂದ ತಲೆ ಹೊರಗೆ ಹಾಕಿ ಮುಂದಿನ ಚಕ್ರವನ್ನೇ ನೋಡುತ್ತಿದ್ದರು. ಇಳಿದ ಮೇಲೆ ಕ್ಲಚ್ ಬಗ್ಗೆ ಒಂದೇ ಪ್ರಶ್ನೆ ಕೇಳಿದರು, ಅಷ್ಟೇ.

ಬ್ಯಾಂಕಿನ ಹೆಸರು ನಿಜವಾಗಲೂ ಇತ್ತು, 2021ರಲ್ಲೇ ಸಾಲ ತೀರಿಸಿದ್ದೆ. ಅದನ್ನು ತೆಗೆಸಿದ ಮೇಲೆಯೇ ಹಣ ತಗೊಂಡಿದ್ದು. ಆರ್‌ಸಿ ವರ್ಗಾವಣೆಗೆ ಅರ್ಜಿ ಆಗಿದೆ, ಅವರ ಹೆಸರು ಬಂದ ದಿನ ಇಲ್ಲೇ ಬರೆಯುತ್ತೇನೆ. ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ವಿಂಚ್ ಇನ್ನೂ ಹಟ್ಟಿಯಲ್ಲಿದೆ, ಯಾರಿಗಾದರೂ ಬೇಕಿದ್ದರೆ ಹೇಳಿ.